ಕಾಲೇಜಿನ ಬಯಲಿನಿಂದ ದೇಶದ ಅಂಗಣಕ್ಕೆ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಕಾಲ್ಚೆಂಡಾಟದ ಮಾತೇಕೆ ಎಂದು ಸಭೆಯಲ್ಲಿರುವ ಕೆಲವರಿಗಾದರೂ ಅನಿಸದಿರದು. ನಮ್ಮ ಸಭೆಗಳಲ್ಲಿ ನುಡಿಯ ಪ್ರಶ್ನೆ, ಶಾಲೆಯ ಪ್ರಶ್ನೆ, ಮಹಾಜನ ವರದಿಯ ಪ್ರಶ್ನೆ ಇವು ಚರ್ಚೆಗೆ ಬರುವುದು ವಾಡಿಕೆ. ಯಕ್ಷಗಾನದ ಮಾತು ಬಂದರೆ ಪಾರ್ತಿಸುಬ್ಬನ ನೆನಪಾಗುವುದೂ ಸಹಜ. ಆದರೆ ಈ ನಾಡಿನ ಮಕ್ಕಳ ಸಂಜೆಯ ಹೊತ್ತು ಎಲ್ಲಿ ಕಳೆಯುತ್ತದೆಂಬುದನ್ನು ನೋಡಿದವರು ನಮ್ಮ ವಿಷಯವನ್ನು ಹೊರಗಿನದೆನ್ನಲಾರರು. ಶಾಲೆ ಬಿಟ್ಟ ಮಗು ಮನೆಗೆ ಹೋಗಿ ಪುಸ್ತಕ ಇಟ್ಟು ಮೊದಲು ಓಡುವುದು ಚೆಂಡಿನ ಕಡೆಗೆ. ಆ ಓಟ ಎಲ್ಲಿಗೆ ಮುಟ್ಟಬಹುದು, ಎಲ್ಲಿ ತಡೆದು ನಿಲ್ಲುತ್ತದೆ, ಅದರಲ್ಲಿ ಕಾಲೇಜಿನ ಪಾತ್ರವೇನು ಎಂಬುದನ್ನು ಈ ಸಭೆಯಲ್ಲಿ ವಿಚಾರಿಸಬೇಕೆಂದು ನಾವು ಬಯಸಿರುವೆವು.

ಮೊದಲಿಗೆ ನಮ್ಮ ನೆಲದ ಆಟವನ್ನು ನೋಡೋಣ. ಸುಗ್ಗಿಯ ಬೆಳೆ ಕೊಯ್ದು ಗದ್ದೆ ಒಣಗಿದೊಡನೆ ಊರೂರಲ್ಲಿ ಏಳು ಮಂದಿಯ ಆಟ, ಅಂದರೆ ಸೆವೆನ್ಸ್, ಆರಂಭವಾಗುತ್ತದೆ. ಕಂಬ ನೆಟ್ಟು, ಹಲಗೆ ಹಾಸಿ, ದೀಪ ಕಟ್ಟಿ, ರಾತ್ರಿಯಿಡೀ ಜನ ನೆರೆಯುವ ಆಟವಿದು. ಮೊಗ್ರಾಲಿಗೆ ಇಶಲ್ ಪದಗಳಿಂದ ಎಷ್ಟು ಹೆಸರೋ ಕಾಲ್ಚೆಂಡಿನಿಂದಲೂ ಅಷ್ಟೇ ಹೆಸರು. ಉಪ್ಪಳ, ಕುಂಬಳೆ, ಮಂಜೇಶ್ವರಗಳಲ್ಲಿ ಚೆಂಡಿನ ಹಿಂದೆ ಓಡದ ಹುಡುಗನನ್ನು ಹುಡುಕಬೇಕು. ಅಲ್ಲಿ ಮಲೆಯಾಳ ಮಾತಾಡುವವನು ಎಡಗಡೆಯಲ್ಲಿ, ತುಳು ಮಾತಾಡುವವನು ಬಲಗಡೆಯಲ್ಲಿ, ಕನ್ನಡ ಶಾಲೆಯ ಹುಡುಗ ಗೋಲಿನ ಮುಂದೆ. ಚೆಂಡು ಬೇಕೆಂದು ಕೂಗುವಾಗ ಯಾವ ಭಾಷೆಯಲ್ಲಿ ಕೂಗಿದರೂ ತಿಳಿಯುತ್ತದೆ. ನಮ್ಮ ನಾಡಿನ ಬಹುಭಾಷೆಯ ಬದುಕಿಗೆ ಇದಕ್ಕಿಂತ ಸಹಜವಾದ ನಿದರ್ಶನ ಸಿಗಲಾರದು.

ಸೆವೆನ್ಸ್ ಆಟ ಹುಡುಗನಿಗೆ ಬಹಳಷ್ಟನ್ನು ಕಲಿಸುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಚೆಂಡನ್ನು ಹಿಡಿತದಲ್ಲಿಡುವುದು, ಮೈಗೆ ಮೈ ತಾಗಿದರೂ ಅಂಜದಿರುವುದು, ಕ್ಷಣದಲ್ಲಿ ಗೋಲಿಗೆ ಹೊಡೆಯುವುದು, ಇವೆಲ್ಲ ಅಲ್ಲಿ ಕೈಗೂಡುವ ವಿದ್ಯೆ. ಆದರೆ ದೇಶದ ಅಂಗಣದಲ್ಲಿ ಆಡುವುದು ಹನ್ನೊಂದು ಮಂದಿಯ ಆಟ. ಅಂತರರಾಷ್ಟ್ರೀಯ ಪಂದ್ಯದ ಬಯಲು 100ರಿಂದ 110 ಮೀಟರು ಉದ್ದ, 64ರಿಂದ 75 ಮೀಟರು ಅಗಲವಿರಬೇಕು; ಅಲ್ಲಿ 90 ನಿಮಿಷ ಓಡಬೇಕು. ಚೆಂಡು ಕಾಲಿನಲ್ಲಿಲ್ಲದ ಹೊತ್ತಿನಲ್ಲಿ ತಾನೆಲ್ಲಿ ನಿಲ್ಲಬೇಕು, ಜತೆಗಾರ ಮುಂದೆ ಹೋದಾಗ ಅವನ ಜಾಗವನ್ನು ಯಾರು ಕಾಯಬೇಕು ಎಂಬ ಲೆಕ್ಕವನ್ನು ಕಲಿಯಬೇಕು. ಗದ್ದೆಯ ಆಟ ಎಷ್ಟೇ ಸೊಗಸಾದರೂ ಈ ಲೆಕ್ಕವನ್ನು ಹೇಳಿಕೊಡಲಾರದು. ಹಳ್ಳಿಯ ಹುಡುಗನೊಬ್ಬನು ಪೂರ್ಣ ಅಳತೆಯ ಬಯಲಿನಲ್ಲಿ, ಹನ್ನೊಂದು ಮಂದಿಯಲ್ಲಿ ಒಬ್ಬನಾಗಿ, ಶಿಕ್ಷಕನೊಬ್ಬನ ಕಣ್ಣಿನ ಕೆಳಗೆ ಆಡುವ ಮೊದಲ ಅವಕಾಶ ಬಹುಮಟ್ಟಿಗೆ ಕಾಲೇಜಿನದಾಗಿತ್ತು. ಕಾಲೇಜಿನ ಬಯಲಿಗೆ ನಾವು ಇಷ್ಟು ಬೆಲೆ ಕೊಡುವುದು ಈ ಕಾರಣದಿಂದ.

ನಮ್ಮಲ್ಲಿ ಕಾಲೇಜು ಬಂದುದೇ ತಡವಾಗಿ. ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಲದಲ್ಲಿ ಮೇಲಿನ ವಿದ್ಯೆ ಬೇಕಾದವರು ಮಂಗಳೂರಿನ ಹಾದಿ ಹಿಡಿಯಬೇಕಾಗಿತ್ತು. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿತು. ಅದೇ ವರ್ಷದ ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ ಭಾರತದ ಕಾಲ್ಚೆಂಡು ತಂಡ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದಲ್ಲಿ ಕಲ್ಲಿಕೋಟೆಯ ಅಬ್ದುಲ್ ರಹ್ಮಾನರಿದ್ದರು. ಮರುವರ್ಷ, 1957ರಲ್ಲಿ, ಕಾಸರಗೋಡಿನಲ್ಲಿ ಸರಕಾರೀ ಕಾಲೇಜು ಆರಂಭವಾಯಿತು. 1968ರಲ್ಲಿ ಕಾಞಂಗಾಡಿನಲ್ಲಿ ನೆಹರೂ ಕಾಲೇಜು, 1980ರಲ್ಲಿ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಸರಕಾರೀ ಕಾಲೇಜು ಬಂದವು. ಇಲ್ಲಿನ ಕಾಲೇಜುಗಳು ಮೊದಲು ಕೇರಳ ವಿಶ್ವವಿದ್ಯಾಲಯಕ್ಕೂ, 1968ರಿಂದ ಕಲ್ಲಿಕೋಟೆಗೂ, 1996ರಿಂದ ಕಣ್ಣೂರು ವಿಶ್ವವಿದ್ಯಾಲಯಕ್ಕೂ ಸೇರಿದುವು.

ಈ ವಿಶ್ವವಿದ್ಯಾಲಯಗಳ ಹೆಸರನ್ನು ನಾವು ಎಣಿಸಿದುದು ಸುಮ್ಮನೆ ಅಲ್ಲ. ಕಾಲೇಜು ತಂಡದಲ್ಲಿ ಚೆನ್ನಾಗಿ ಆಡಿದವನು ಅಂತರ ಕಾಲೇಜು ಪಂದ್ಯಗಳಲ್ಲಿ ಕಾಣಿಸಿಕೊಳ್ಳುತ್ತಾನೆ. ಅಲ್ಲಿಂದ ವಿಶ್ವವಿದ್ಯಾಲಯದ ತಂಡಕ್ಕೆ. ಅಲ್ಲಿಂದ ದಕ್ಷಿಣ ವಲಯದ ಪಂದ್ಯಕ್ಕೆ, ಗೆದ್ದರೆ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ. ಪ್ರತಿಯೊಂದು ಮೆಟ್ಟಿಲಿನಲ್ಲೂ ರಾಜ್ಯ ತಂಡದ ಆಯ್ಕೆಗಾರರು, ಪೊಲೀಸು ಇಲಾಖೆ, ಬ್ಯಾಂಕು, ಕಾರ್ಖಾನೆಗಳ ತಂಡದವರು ಕಣ್ಣಿಟ್ಟಿರುತ್ತಿದ್ದರು. 1973ರ ಡಿಸೆಂಬರಿನಲ್ಲಿ ಎರ್ನಾಕುಳಂನಲ್ಲಿ ನಾಯಕ ಮಣಿಯವರ ಮೂರು ಗೋಲುಗಳಿಂದ ರೈಲ್ವೇಸ್ ತಂಡವನ್ನು 3–2ರಿಂದ ಸೋಲಿಸಿ ಕೇರಳ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಗೆದ್ದಿತಷ್ಟೆ. ಆ ತಂಡದ ಗೋಲ್‌ಕೀಪರ್ ವಿಕ್ಟರ್ ಮಂಜಿಲ ಕಲ್ಲಿಕೋಟೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಬಂದವರು. ಅದೇ ವಿಶ್ವವಿದ್ಯಾಲಯದ ಯು. ಶರಫಲಿ, ಸಿ.ವಿ. ಪಾಪಚ್ಚನ್ ಮುಂತಾದವರು ಮುಂದೆ ಕೇರಳ ಪೊಲೀಸ್ ತಂಡವನ್ನು ಸೇರಿದರು. ಆ ತಂಡ 1990 ಮತ್ತು 1991ರಲ್ಲಿ ಫೆಡರೇಶನ್ ಕಪ್ಪನ್ನು ಗೆದ್ದುಕೊಂಡಿತು. ಇವರಿಬ್ಬರೂ ಭಾರತದ ಅಂಗಿಯನ್ನು ತೊಟ್ಟರು. ಬೆಂಗಳೂರಿನಲ್ಲಿಯೂ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ಇಂಥ ಯುವಕರಿಗೆ ಆಟವನ್ನೂ ಅನ್ನವನ್ನೂ ಒಟ್ಟಿಗೆ ಕೊಟ್ಟುವು.

ನಮ್ಮ ಕಾಲೇಜುಗಳು ಸೇರಿರುವ ಕಣ್ಣೂರು ವಿಶ್ವವಿದ್ಯಾಲಯದ ಸೀಮೆಯಿಂದಲೇ ಇತ್ತೀಚಿನ ಉದಾಹರಣೆಯೊಂದನ್ನು ಕೊಡಬಹುದು. ಕಣ್ಣೂರು ಜಿಲ್ಲೆಯ ಸಿ.ಕೆ. ವಿನೀತ್ ನವೋದಯ ವಿದ್ಯಾಲಯದಲ್ಲಿ ಕಲಿತು, ಕಣ್ಣೂರಿನ ಶ್ರೀ ನಾರಾಯಣ ಕಾಲೇಜಿಗೆ ಬಂದು, ಅಲ್ಲಿನ ಆಟದಿಂದ ವೃತ್ತಿಪರ ಕ್ಲಬ್ಬುಗಳ ಬಾಗಿಲಿಗೆ ಮುಟ್ಟಿದರು. 2013ರಲ್ಲಿ ಭಾರತದ ತಂಡದಲ್ಲಿ ಆಡಿದರು. ಬಳಿಕ ಬೆಂಗಳೂರು ಎಫ್.ಸಿ.ಗೂ ಕೇರಳ ಬ್ಲಾಸ್ಟರ್ಸಿಗೂ ಆಡಿದ ಇವರು ಗಡಿಯ ಎರಡೂ ಬದಿಯ ಜನರ ಪ್ರೀತಿಗೆ ಪಾತ್ರರಾದರು. 2017ರ ಮೇ 21ರಂದು ಕಟಕ್‌ನಲ್ಲಿ ನಡೆದ ಫೆಡರೇಶನ್ ಕಪ್ಪಿನ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಗಾನಿನ ಮೇಲೆ ಎರಡು ಗೋಲುಗಳನ್ನು ಹೊಡೆದು ಬೆಂಗಳೂರಿಗೆ ಕಪ್ಪನ್ನು ತಂದುಕೊಟ್ಟವರು ಇವರೇ.

ಇನ್ನು ನಮ್ಮ ಜಿಲ್ಲೆಯ ಹೆಸರುಗಳು. ತೃಕ್ಕರಿಪುರದ ಎಂ. ಸುರೇಶ್ ಭಾರತದ ತಂಡದಲ್ಲಿ ಆಡಿದರು. 2003ರಲ್ಲಿ ಜಕಾರ್ತದಲ್ಲಿ ಏಷಿಯಾನ್ ಕ್ಲಬ್ ಪಂದ್ಯಾವಳಿಯನ್ನು ಗೆದ್ದ ಈಸ್ಟ್ ಬೆಂಗಾಲ್ ತಂಡದಲ್ಲಿಯೂ ಇದ್ದರು. ಅದೇ ತೃಕ್ಕರಿಪುರದ ಮಹಮ್ಮದ್ ರಫಿ 2009–10ರ ಐ-ಲೀಗಿನಲ್ಲಿ ಮಹೀಂದ್ರ ಯುನೈಟೆಡ್ ಪರವಾಗಿ ಆಡಿ ಭಾರತೀಯರ ಪೈಕಿ ಅತ್ಯಧಿಕ ಗೋಲು ಹೊಡೆದರು, ದೇಶಕ್ಕೂ ಆಡಿದರು, 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಐ.ಎಸ್.ಎಲ್. ಅಂತಿಮ ಪಂದ್ಯದಲ್ಲಿ ಕೇರಳದ ಪರವಾಗಿ ತಲೆಯಿಂದ ಗೋಲು ಹೊಡೆದ ದೃಶ್ಯ ಅನೇಕರ ಕಣ್ಣಲ್ಲಿ ಇನ್ನೂ ಇದೆ. ಪಿಲಿಕ್ಕೋಡಿನ ಕೆ.ಪಿ. ರಾಹುಲ್ 2018ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ಕೇರಳ ತಂಡದಲ್ಲಿದ್ದರು. ಗೆದ್ದು ಬಂದ ಬಳಿಕ ಅವರಿಗೊಂದು ಮನೆ ಕಟ್ಟಿಕೊಡಲು ರಾಜ್ಯ ಸರಕಾರ ತೀರ್ಮಾನಿಸಿತು. ನೀಲೇಶ್ವರದ ಸಮೀಪದ ಬಂಗಳದ ಪಿ. ಮಾಳವಿಕಾ 2025ರ ಜೂನ್ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಭಾರತದ ಮಹಿಳಾ ತಂಡದ ಪರವಾಗಿ ಆಡಿ, ಮಂಗೋಲಿಯವನ್ನು 13–0ರಿಂದ ಸೋಲಿಸಿದ ಪಂದ್ಯದಲ್ಲಿ ತಾನೂ ಒಂದು ಗೋಲು ಹೊಡೆದರು. ಮುಂದಿನ ತಿಂಗಳು ಆ ತಂಡ ಥಾಯ್ಲೆಂಡನ್ನೂ 2–1ರಿಂದ ಗೆದ್ದು ಏಷ್ಯನ್ ಕಪ್ಪಿಗೆ ಅರ್ಹತೆ ಪಡೆಯಿತು.

ಇವರೆಲ್ಲರ ಏಳಿಗೆಗೆ ಕಾಲೇಜೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಊರಿನ ಕ್ಲಬ್ಬುಗಳು, ಬಡತನದಲ್ಲೂ ಬೂಟು ಕೊಡಿಸಿದ ತಾಯಿತಂದೆಯರು, ಸಂಬಳವಿಲ್ಲದೆ ಕಲಿಸಿದ ಹಿರಿಯ ಆಟಗಾರರು ಇವರ ಹಿಂದೆ ಇದ್ದಾರೆ. ಆದರೆ ಒಂದು ಸಂಗತಿಯನ್ನು ಸಭೆಯ ಗಮನಕ್ಕೆ ತರಲೇಬೇಕು. ತೃಕ್ಕರಿಪುರ, ಪಿಲಿಕ್ಕೋಡು, ನೀಲೇಶ್ವರ, ಈ ಊರುಗಳೆಲ್ಲ ಜಿಲ್ಲೆಯ ದಕ್ಷಿಣದವು. ಚಂದ್ರಗಿರಿಯ ಉತ್ತರದಲ್ಲಿ, ಕನ್ನಡ ಶಾಲೆಗಳು ಹೆಚ್ಚಾಗಿರುವ ನಮ್ಮ ಸೀಮೆಯಲ್ಲಿ, ಆಟಕ್ಕೇನೂ ಕೊರತೆಯಿಲ್ಲ. ಆದರೆ ದೇಶದ ಅಂಗಿ ತೊಟ್ಟವರ ಹೆಸರು ಕೇಳಿದಾಗ ನಾವು ದಕ್ಷಿಣದ ಕಡೆಗೇ ಬೆರಳು ತೋರಿಸುತ್ತೇವೆ. ಇಲ್ಲಿನ ಮಕ್ಕಳ ಕಾಲಿನಲ್ಲಿ ಬಲ ಕಡಮೆಯೆಂದು ಒಪ್ಪಲು ನಾವು ಸಿದ್ಧರಿಲ್ಲ. ಕೊರತೆ ಇರುವುದು ಏಣಿಯಲ್ಲಿ.

ಆ ಏಣಿ ಎಲ್ಲಿ ಮುರಿಯುತ್ತದೆಂಬುದನ್ನು ನೋಡೋಣ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಹುಡುಗನು ಜಿಲ್ಲೆಯ ಕಿರಿಯರ ತಂಡದಲ್ಲಿ ಕೇರಳಕ್ಕೆ ಸೇರಿದವನು. ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ಅವನು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾನೆ; ಆಗ ಅವನು ಕರ್ನಾಟಕದ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಇಲ್ಲಿ ಅವನ ಆಟವನ್ನು ಕಂಡವರು ಅಲ್ಲಿಲ್ಲ. ಅಲ್ಲಿ ಅವನನ್ನು ಕಾಣುವವರಿಗೆ ಇಲ್ಲಿನ ಅವನ ಹೆಸರು ಗೊತ್ತಿಲ್ಲ. ನಾಲ್ಕೈದು ವರ್ಷ ಮೆಟ್ಟಿಲು ಹತ್ತಿದವನು ಮತ್ತೆ ನೆಲದಿಂದ ಹತ್ತಬೇಕು. ಇಲ್ಲಿಯೇ ಉಳಿದವನಿಗೆ ಬೇರೊಂದು ತೊಡಕು. ಆಯ್ಕೆಯ ಶಿಬಿರ ಎಂದು, ಕ್ರೀಡಾ ಮೀಸಲಾತಿಯ ಅರ್ಜಿ ಯಾವ ದಿನದೊಳಗೆ, ಯಾವ ಪ್ರಮಾಣಪತ್ರ ಬೇಕು ಎಂಬ ಸುದ್ದಿ ಕನ್ನಡ ಶಾಲೆಯ ಮನೆಗಳಿಗೆ ಮುಟ್ಟುವ ಹೊತ್ತಿಗೆ ದಿನ ಕಳೆದಿರುವುದುಂಟು. ಎರಡು ರಾಜ್ಯಗಳ ನಡುವೆ ಇರುವವನು ಎರಡು ಕಡೆಯೂ ಬಾಗಿಲು ತೆರೆದಿರುವ ಭಾಗ್ಯವಂತನಾಗಬೇಕಿತ್ತು. ಎರಡು ಕಡೆಗೂ ಸಲ್ಲದವನಾಗುತ್ತಿರುವುದು ದುರ್ದೈವ. 2022ರಲ್ಲಿ ಕೇರಳ ಸಂತೋಷ್ ಟ್ರೋಫಿ ಗೆದ್ದಾಗ ನಾವು ಹಿಗ್ಗಿದೆವು. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಅದೇ ಟ್ರೋಫಿಯನ್ನು ಎತ್ತಿದಾಗಲೂ ಹಿಗ್ಗಿದೆವು. ಎರಡು ಮನೆಯ ಹಬ್ಬವೂ ನಮ್ಮದೇ. ಆದರೆ ಹಬ್ಬದ ಎಲೆಯ ಮುಂದೆ ನಮ್ಮ ಮಕ್ಕಳು ಎಷ್ಟು ಮಂದಿ ಕುಳಿತಿದ್ದರು?

ಹೊರಗಿನ ಲೋಕದಲ್ಲಿ ಈ ಏಣಿಯನ್ನು ಹೇಗೆ ಕಟ್ಟಿದ್ದಾರೆಂಬುದನ್ನೂ ತಿಳಿಯುವುದು ಒಳ್ಳೆಯದು. ಯೂರೋಪಿನಲ್ಲಿ ಕ್ಲಬ್ಬುಗಳೇ ಎಳೆಯ ಮಕ್ಕಳನ್ನು ಆಯ್ದು ತಮ್ಮ ಶಾಲೆಗಳಲ್ಲಿ ಬೆಳೆಸುತ್ತವೆ; ಕಾಲೇಜಿಗೆ ಅಲ್ಲಿ ದೊಡ್ಡ ಪಾತ್ರವಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಕಾಲೇಜುಗಳ ಪುರುಷರ ರಾಷ್ಟ್ರೀಯ ಪಂದ್ಯಾವಳಿ 1959ರಿಂದ ನಡೆದುಬಂದಿದೆ. 1996ರಲ್ಲಿ ವೃತ್ತಿಪರ ಲೀಗ್ ಆರಂಭವಾದಾಗ, ಕಾಲೇಜಿನಿಂದ ಹೊರಬರುವ ಆಟಗಾರರನ್ನು ಕ್ಲಬ್ಬುಗಳು ಸರದಿಯಂತೆ ಆಯ್ದುಕೊಳ್ಳುವ ಪದ್ಧತಿಯನ್ನು ಏರ್ಪಡಿಸಿದರು. ಫರ್ಮನ್ ಎಂಬ ಚಿಕ್ಕ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ ಕ್ಲಿಂಟ್ ಡೆಂಪ್ಸಿ 2004ರಲ್ಲಿ ಹೀಗೆಯೇ ಆಯ್ಕೆಗೊಂಡು, ಮುಂದೆ ಇಂಗ್ಲೆಂಡಿನ ಫುಲ್‌ಹ್ಯಾಮ್ ಸೇರಿ, ತಮ್ಮ ದೇಶಕ್ಕಾಗಿ 57 ಗೋಲು ಹೊಡೆದರು. ನಾರ್ತ್ ಕೆರೊಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಮಿಯಾ ಹ್ಯಾಮ್ 1991 ಮತ್ತು 1999ರಲ್ಲಿ ಮಹಿಳೆಯರ ವಿಶ್ವಕಪ್ಪನ್ನು ಗೆದ್ದ ತಂಡಗಳಲ್ಲಿದ್ದರು. ಅಲ್ಲಿಯೂ ಈಚೆಗೆ ಕ್ಲಬ್ಬುಗಳು ಕಿರಿಯರನ್ನು ನೇರವಾಗಿ ಬೆಳೆಸತೊಡಗಿವೆ. ಕಾಲೇಜಿನ ಹಾದಿ ಕಿರಿದಾಗಿದೆ, ಆದರೆ ಮುಚ್ಚಿಲ್ಲ. ಹದಿನೇಳರಲ್ಲಿ ಯಾರ ಕಣ್ಣಿಗೂ ಬೀಳದವನು ಇಪ್ಪತ್ತೊಂದರಲ್ಲಿ ಅರಳುವುದುಂಟು. ಅಂಥವನಿಗೆ ಕಾಲೇಜು ಎರಡನೆಯ ಬಾಗಿಲು.

ನಮ್ಮ ದೇಶ ಈ ಎರಡು ಪದ್ಧತಿಗಳ ನಡುವೆ ನಿಂತಿದೆ. 2013ರಲ್ಲಿ ಬೆಂಗಳೂರು ಎಫ್.ಸಿ., 2014ರಲ್ಲಿ ಐ.ಎಸ್.ಎಲ್. ಬಂದ ಮೇಲೆ ಹಣ ಬಂತು, ಬೆಳಕು ಬಂತು, ಎಳೆಯರ ತರಬೇತಿ ಶಾಲೆಗಳೂ ಬಂದವು. ಹದಿಮೂರು ವರ್ಷದ ಹುಡುಗನನ್ನು ದೂರದೂರಿಗೆ ಕಳುಹಿಸುವ ಮನೆಗಳು ನಮ್ಮಲ್ಲಿಯೂ ಹೆಚ್ಚುತ್ತಿವೆ. ಕೆಲವರು ಓದನ್ನು ಅರ್ಧಕ್ಕೆ ಬಿಡುವುದನ್ನು ಕಾಣುತ್ತೇವೆ. ಇಲ್ಲಿಯೇ ನಮ್ಮ ಮುಖ್ಯ ಮಾತು ಇರುವುದು. ಮಹಮ್ಮದ್ ರಫಿ ಹೆಸರು ಗಳಿಸಿದ ಮಹೀಂದ್ರ ಯುನೈಟೆಡ್ ತಂಡವನ್ನು ಅದೇ 2010ರಲ್ಲಿ ಅದರ ಒಡೆಯರು ಮುಚ್ಚಿದರು. 2025ರ ಜುಲೈಯಲ್ಲಿ ಐ.ಎಸ್.ಎಲ್.ನ ಹೊಸ ಹಂಗಾಮನ್ನು ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ.ಯಂಥ ಕ್ಲಬ್ಬು ಕೂಡ ಪ್ರಥಮ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಆಟಗಾರನ ಕಾಲು ಮೂವತ್ತೈದಕ್ಕೆ ಸೋಲುತ್ತದೆ. ಗಾಯವಾದರೆ ಇಪ್ಪತ್ತೈದಕ್ಕೇ ಸೋಲಬಹುದು. ಬಾಳು ಅಲ್ಲಿಗೆ ಮುಗಿಯುವುದಿಲ್ಲ.

ಹಿಂದೆ ಆಟ ಮತ್ತು ಉದ್ಯೋಗ ಒಂದೇ ಎತ್ತಿನ ಗಾಡಿಯಲ್ಲಿ ಬರುತ್ತಿದ್ದುವು. ಈಗ ಅವೆರಡೂ ಒಂದನ್ನೊಂದು ಹಾಯುವ ಕಾಲ. ನಾವು ಆಗಲೇ ಹೇಳಿದ ವಿನೀತ್ ತಿರುವನಂತಪುರದ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ನೌಕರರಾಗಿದ್ದರು. ಹಾಜರಿ ಸಾಲದೆಂಬ ಕಾರಣದಿಂದ ಕಚೇರಿ ಅವರನ್ನು ಕೆಲಸದಿಂದ ತೆಗೆದುದು, ಅವರು ಕಟಕ್‌ನಲ್ಲಿ ಎರಡು ಗೋಲು ಹೊಡೆದ ಅದೇ 2017ರ ಮೇ ತಿಂಗಳಲ್ಲಿ. ಬಳಿಕ ಕೇರಳ ಸರಕಾರ ಅವರಿಗೆ ಹುದ್ದೆ ಕೊಡಲು ಮುಂದೆ ಬಂತು. ಎಲ್ಲರಿಗೂ ಅಂಥ ಕರೆ ಬರುವುದಿಲ್ಲ. ಇದಕ್ಕೆ ಎದುರಾಗಿ ಹಳೆಯ ನಿದರ್ಶನವೊಂದನ್ನು ಇಡೋಣ. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನೆದುರು 1–2ರಿಂದ ಸೋತಿತು. ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ತಂಡದ ನಾಯಕ ನಾಗಾ ನಾಡಿನ ತಾಲಿಮೆರೆನ್ ಆವ್ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ. ಅವರು ಆಟ ಮುಗಿಸಿ ಬಂದು ಓದನ್ನೂ ಮುಗಿಸಿದರು. ತಮ್ಮ ನಾಡಿಗೆ ಮರಳಿ ವೈದ್ಯರಾಗಿ ಜನಸೇವೆ ಮಾಡಿದರು. ಆಟ ಬೇರೆಯಾದರೂ, ಕುಂಬಳೆಯ ಹೆಸರನ್ನು ಲೋಕದ ಮೈದಾನಗಳಿಗೆ ಕೊಂಡೊಯ್ದ ಅನಿಲ್ ಕುಂಬ್ಳೆಯವರೂ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಪದವಿ ಪಡೆದವರೆಂಬುದನ್ನು ನಮ್ಮ ಮಕ್ಕಳು ಮರೆಯಬಾರದು. ಕಾಲೇಜು ಆಟಗಾರನಿಗೆ ಏರಲು ಏಣಿ. ಇಳಿದ ಮೇಲೆ ಊರುಗೋಲು.

ಹಾಗಾದರೆ ನಮ್ಮಂಥ ಸಂಘಗಳು ಮಾಡಬಹುದಾದುದೇನು? ದೊಡ್ಡ ಹಣ ನಮ್ಮಲ್ಲಿಲ್ಲ. ಹಣವಿಲ್ಲದೆ ಆಗುವ ಕೆಲಸಗಳೂ ಇವೆ. ಮೊದಲನೆಯದಾಗಿ, ಕೇರಳ ಮತ್ತು ಕರ್ನಾಟಕ ಎರಡೂ ಕಡೆಯ ಕಾಲೇಜುಗಳ ಕ್ರೀಡಾ ಪ್ರವೇಶದ ನಿಯಮ, ಅರ್ಜಿಯ ದಿನ, ಆಯ್ಕೆಯ ಸ್ಥಳ ಇವನ್ನು ಕನ್ನಡದಲ್ಲಿ ಬರೆದು ನಮ್ಮ ಪ್ರೌಢಶಾಲೆಗಳ ಫಲಕಗಳಿಗೆ ಸಕಾಲದಲ್ಲಿ ಮುಟ್ಟಿಸುವುದು. ನುಡಿಯ ಕೆಲಸವೆಂದರೆ ಕವಿಗೋಷ್ಠಿಯೊಂದೇ ಅಲ್ಲ. ಮಗುವಿಗೆ ಬೇಕಾದ ಸುದ್ದಿಯನ್ನು ಅವನ ಭಾಷೆಯಲ್ಲಿ ತಲುಪಿಸುವುದೂ ನುಡಿಯ ಕೆಲಸವೇ.

ಎರಡನೆಯದಾಗಿ, ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಉಳಿದಿರುವ ದೊಡ್ಡ ಬಯಲುಗಳನ್ನು ಕಾಪಾಡುವುದು. ಗದ್ದೆಗಳು ಮನೆಗಳಾಗುತ್ತಿವೆ, ಶಾಲೆಯ ಅಂಗಳಗಳು ಕಟ್ಟಡಗಳಿಂದ ತುಂಬುತ್ತಿವೆ. ಪೂರ್ಣ ಅಳತೆಯ ಒಂದು ಬಯಲು ಹೋದರೆ ಒಂದು ತಲೆಮಾರಿನ ಹನ್ನೊಂದು ಮಂದಿಯ ಆಟ ಹೋದಂತೆ.

ಮೂರನೆಯದಾಗಿ, ಸೆವೆನ್ಸ್ ಪಂದ್ಯ ನಡೆಸುವ ನಮ್ಮ ಊರಿನ ಸಮಿತಿಯವರನ್ನು ಕೈಮುಗಿದು ಕೇಳಿಕೊಳ್ಳುವುದು. ಹೊರನಾಡಿನಿಂದ ಆಟಗಾರರನ್ನು ಕರೆಸುವಷ್ಟು ಸಾಮರ್ಥ್ಯವಿರುವ ಸಮಿತಿಗಳಿವೆ. ಒಂದು ರಾತ್ರಿಯ ಟಿಕೇಟಿನ ಹಣದಲ್ಲಿ ಒಂದು ಪಾಲನ್ನು ಊರಿನ ಒಬ್ಬ ಆಟಗಾರನ ಕಾಲೇಜಿನ ಶುಲ್ಕಕ್ಕೆ ಇಟ್ಟರೆ ಆ ಊರಿನ ಆಟಕ್ಕೆ ಅದಕ್ಕಿಂತ ದೊಡ್ಡ ಕಪ್ಪು ಬೇಕಿಲ್ಲ. ಪರೀಕ್ಷೆಯ ತಿಂಗಳಲ್ಲಿ ಓದುವ ಹುಡುಗರನ್ನು ರಾತ್ರಿಯ ಪಂದ್ಯಕ್ಕೆ ಎಳೆಯದಿರುವುದೂ ಒಂದು ಉಪಕಾರ.

ನಾಲ್ಕನೆಯದು ಹೆಣ್ಣುಮಕ್ಕಳ ಮಾತು. ಬಂಗಳದ ಹುಡುಗಿಯೊಬ್ಬಳು ಭಾರತಕ್ಕೆ ಗೋಲು ಹೊಡೆದ ಮೇಲೆ, ನಮ್ಮ ಶಾಲೆಗಳಲ್ಲಿ ಹುಡುಗಿಯರಿಗೆ ಚೆಂಡು ಕೊಡದಿರುವುದಕ್ಕೆ ಯಾವ ಸಬೂಬೂ ಉಳಿದಿಲ್ಲ. ಮಹಿಳಾ ಕಾಲ್ಚೆಂಡಿನಲ್ಲಿ ಇನ್ನೂ ಜನ ಕಡಮೆ, ಹಾದಿ ತೆರೆದಿದೆ. ನಮ್ಮ ಗಡಿನಾಡಿನ ಹೆಣ್ಣುಮಕ್ಕಳು ದೇಶದ ತಂಡವನ್ನು ಮುಟ್ಟುವ ಸಾಧ್ಯತೆ ಹುಡುಗರಿಗಿಂತಲೂ ಹತ್ತಿರದಲ್ಲಿದೆಯೆಂದು ನಾವು ನಂಬುತ್ತೇವೆ.

ಬಂಧುಗಳೇ, ಎಲ್ಲ ಮಕ್ಕಳೂ ದೇಶಕ್ಕೆ ಆಡಲಾರರು. ನೂರರಲ್ಲಿ ಒಬ್ಬನೂ ಆಡಲಾರ. ಉಳಿದ ತೊಂಬತ್ತೊಂಬತ್ತು ಮಂದಿಗೆ ನಾವು ಏನು ಕೊಡುತ್ತೇವೆ ಎಂಬುದರಿಂದ ನಮ್ಮ ವಿವೇಕವನ್ನು ಅಳೆಯಬೇಕು. ಕಾಲೇಜಿನ ತಂಡದಲ್ಲಿ ಮೂರು ವರ್ಷ ಆಡಿದ ಹುಡುಗನು ಪದವಿಯೊಂದಿಗೆ ಹೊರಬಂದು ನಾಳೆ ಶಿಕ್ಷಕನಾಗಬಹುದು, ಪೊಲೀಸನಾಗಬಹುದು, ಊರಿನ ಮಕ್ಕಳಿಗೆ ಆಟ ಕಲಿಸುವ ಗುರುವಾಗಬಹುದು. ಅಂಥ ಹತ್ತು ಗುರುಗಳಿರುವ ಸೀಮೆಯಿಂದ ಒಬ್ಬ ಸುರೇಶನೋ ರಫಿಯೋ ಮಾಳವಿಕೆಯೋ ಬಾರದಿರುವುದುಂಟೇ?

ಬರುವ ಬೇಸಿಗೆಯಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಕಾಲೇಜುಗಳ ಪ್ರವೇಶ ಆರಂಭವಾಗಲಿದೆ. ಅಷ್ಟರೊಳಗೆ ನಮ್ಮ ಕನ್ನಡ ಶಾಲೆಗಳಲ್ಲಿ ಚೆನ್ನಾಗಿ ಆಡುವ ಹುಡುಗ ಹುಡುಗಿಯರ ಪಟ್ಟಿಯೊಂದನ್ನು ಸಂಘವು ಸಿದ್ಧಪಡಿಸಲಿ. ಪ್ರತಿಯೊಬ್ಬರ ಮನೆಗೆ ಒಬ್ಬ ಸದಸ್ಯರು ಹೋಗಿ ಅರ್ಜಿ ತುಂಬಿಸಿ ಬರಲಿ. ಈ ಒಂದು ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕೆಂದು ಬೇಡುತ್ತೇವೆ.